ಪ್ರೋಗ್ರಾಮಿಂಗ್ ಭಾಷೆಯ ಸಮುದಾಯ ತಾಣ: ಕಟ್ಟುವವರು ಯಾರು, ಕಾಯುವವರು ಯಾರು?

ವ್ಯಾಪಾರಿಯೊಬ್ಬರು ಬಿಲ್ಲಿಂಗ್ ತಂತ್ರಾಂಶವೊಂದನ್ನು ಕೊಂಡಾಗ ರಸೀದಿಯಲ್ಲಿ ಒಂದೇ ಸಂಸ್ಥೆಯ ಹೆಸರಿರುತ್ತದೆ. ಆದರೆ ಆ ತಂತ್ರಾಂಶದೊಳಗಿನ ಎಲ್ಲ ಭಾಗಗಳನ್ನೂ ಆ ಸಂಸ್ಥೆಯೇ ತಯಾರಿಸಿರುವುದಿಲ್ಲ. ಲೇತ್ ಯಂತ್ರ ತಯಾರಿಸುವವರು ಬೇರಿಂಗ್, ಬೋಲ್ಟು, ಮೋಟಾರುಗಳನ್ನು ಹೊರಗಿನಿಂದ ತರಿಸಿ ಜೋಡಿಸುವಂತೆ, ತಂತ್ರಾಂಶ ರಚಿಸುವವರೂ ದಿನಾಂಕದ ಲೆಕ್ಕ, ಪಟ್ಟಿಯ ಮುದ್ರಣ, ಬ್ಯಾಂಕಿನೊಂದಿಗಿನ ಸಂಪರ್ಕ ಮುಂತಾದ ನೂರಾರು ಸಿದ್ಧ ಭಾಗಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಾರೆ. ವ್ಯತ್ಯಾಸವೆಂದರೆ ಬೇರಿಂಗಿಗೆ ಹಣ ಕೊಡಬೇಕು. ಈ ಭಾಗಗಳಲ್ಲಿ ಬಹುಪಾಲು ಉಚಿತ. ಪೈಥಾನ್, ಪರ್ಲ್, ರೂಬಿ, ಜಾವಾಸ್ಕ್ರಿಪ್ಟ್ ಮುಂತಾದ ಪ್ರತಿಯೊಂದು ಪ್ರೋಗ್ರಾಮಿಂಗ್ ಭಾಷೆಯ ಬಳಕೆದಾರರೂ ತಮ್ಮದೇ ಆದ ಸಾಮೂಹಿಕ ತಾಣವನ್ನು ಅಂತರ್ಜಾಲದಲ್ಲಿ ಕಟ್ಟಿಕೊಂಡಿದ್ದಾರೆ. ಒಬ್ಬರು ಬರೆದುದನ್ನು ಅಲ್ಲಿ ತಂದಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ.

ಹೀಗೆ ನೋಡಿದರೆ ಅದು ಒಂದು ಗೋದಾಮು. ಅದರ ಬಾಗಿಲ ಕೀಲಿ ಯಾರ ಬಳಿ ಇದೆ, ಜಾಗ ಯಾರ ಹೆಸರಿನಲ್ಲಿದೆ, ಕಾವಲುಗಾರನ ಸಂಬಳ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗಳನ್ನು ಗೋದಾಮನ್ನು ಬಲ್ಲ ಯಾವ ವರ್ತಕನೂ ಮೊದಲು ಕೇಳುತ್ತಾನೆ. ಗಣಕಯಂತ್ರದ ಲೋಕದಲ್ಲಿ ಮಾತ್ರ ಈ ಪ್ರಶ್ನೆಗಳು ಬಹುಕಾಲ ಹಿಂದೆ ಸರಿದುಕೊಂಡೇ ಇದ್ದವು. ತಾಣ ಕಟ್ಟುವುದೇ ದೊಡ್ಡ ಸಾಧನೆಯೆಂದು ಭಾವಿಸಲಾಗಿತ್ತು. ಕಳೆದ ಹತ್ತು ವರ್ಷಗಳ ಅನುಭವ ಬೇರೆಯದನ್ನೇ ಹೇಳುತ್ತದೆ. ಕಟ್ಟುವುದು ಅಲ್ಪ ಕಾಲದ ಉತ್ಸಾಹದ ಕೆಲಸ. ಅದನ್ನು ಯಾರ ಸ್ವತ್ತೆಂದು ನೋಂದಾಯಿಸಬೇಕು, ಹೇಗೆ ನಿರ್ವಹಿಸಬೇಕು ಎಂಬುದು ಲಿಖಿತವಾಗಿ ನಿರ್ಧಾರವಾಗದಿದ್ದರೆ ಅದನ್ನು ನೆಚ್ಚಿಕೊಂಡ ಉದ್ದಿಮೆಗಳೆಲ್ಲವೂ ತೊಂದರೆಗೆ ಸಿಲುಕುತ್ತವೆ.

ಪರ್ಲ್ ಬಳಕೆದಾರರು ಕಟ್ಟಿದ ಗೋದಾಮು

ಈ ಬಗೆಯ ತಾಣಗಳಿಗೆ ಮಾದರಿಯೆನಿಸಿದುದು ಪರ್ಲ್ ಭಾಷೆಯ ಸಿಪ್ಯಾನ್. ಅಮೆರಿಕದ ಲ್ಯಾರಿ ವಾಲ್ ಅವರು 1987ರಲ್ಲಿ ಪರ್ಲ್ ಭಾಷೆಯನ್ನು ಬಿಡುಗಡೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅದರ ಬಳಕೆದಾರರು ಬರೆದ ಉಪಯುಕ್ತ ಕ್ರಮವಿಧಿಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ, ಸಂಸ್ಥೆಗಳ ಗಣಕಗಳಲ್ಲಿ ಚದುರಿಹೋಗಿದ್ದವು. ಇಂಥದು ಎಲ್ಲಿದೆ ಎಂದು ತಿಳಿಯಬೇಕಾದರೆ ಬಲ್ಲವರನ್ನು ಕೇಳಬೇಕಾಗಿತ್ತು. ಇವನ್ನು ಒಂದೆಡೆ ತರುವ ಆಲೋಚನೆ 1993ರಲ್ಲಿ ಮೊಳೆಯಿತು. ಅಕ್ಷರ ಜೋಡಣೆಯ ತಂತ್ರಾಂಶವಾದ ಟೆಕ್ ಬಳಸುವವರು ಆ ವೇಳೆಗಾಗಲೇ ಅಂಥ ಸಂಗ್ರಹವೊಂದನ್ನು ಕಟ್ಟಿಕೊಂಡಿದ್ದರು, ಅದೇ ಮೇಲ್ಪಂಕ್ತಿಯಾಯಿತು. ಫಿನ್ಲೆಂಡಿನ ಯಾರ್ಕೋ ಹಿಯೆತಾನಿಯೆಮಿ ಅವರು ಮುಂದಾಳುತನ ವಹಿಸಿ 1995ರ ಅಕ್ಟೋಬರಿನಲ್ಲಿ ಸಿಪ್ಯಾನ್ ಸಾರ್ವಜನಿಕರಿಗೆ ತೆರೆಯಿತು. ಅವರು ತಮ್ಮನ್ನು ತಾವೇ ನೇಮಿಸಿಕೊಂಡ ಗ್ರಂಥಪಾಲಕರೆಂದು ಕರೆದುಕೊಂಡರು. ತಮಾಷೆಯ ಮಾತಾದರೂ ಅದರಲ್ಲಿ ಸತ್ಯವಿತ್ತು. ಯಾರೂ ನೇಮಿಸಿರಲಿಲ್ಲ, ಯಾರೂ ಸಂಬಳ ಗೊತ್ತುಪಡಿಸಿರಲಿಲ್ಲ.

ಸಿಪ್ಯಾನ್ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳಿತು. ಮೊದಲನೆಯದಾಗಿ, ಮೂಲ ಪ್ರತಿಯೊಂದಿದ್ದರೂ ಅದರ ಪೂರ್ಣ ನಕಲುಗಳು ಹಲವು ದೇಶಗಳಲ್ಲಿದ್ದವು. ವಿಶ್ವವಿದ್ಯಾಲಯವೋ ಕಂಪನಿಯೋ ತನ್ನ ಗಣಕದಲ್ಲಿ ಜಾಗ ಕೊಟ್ಟು, ಮೂಲದಲ್ಲಿ ಆದ ಬದಲಾವಣೆಯನ್ನು ನಿಯತವಾಗಿ ನಕಲಿಸಿಕೊಳ್ಳುತ್ತಿತ್ತು. ಒಂದು ಬಾಗಿಲು ಮುಚ್ಚಿದರೆ ಗಿರಾಕಿ ಇನ್ನೊಂದು ಬಾಗಿಲಿಗೆ ಹೋಗಬಹುದಿತ್ತು. ಎರಡನೆಯದಾಗಿ, ಸರಕು ಇಳಿಸುವ ದ್ವಾರವನ್ನು ಪ್ರತ್ಯೇಕವಾಗಿ ಇರಿಸಲಾಯಿತು. ಪಾಝ್ ಎಂಬ ಹೆಸರಿನ ಈ ದ್ವಾರವನ್ನು ಜರ್ಮನಿಯ ಆಂದ್ರೆಯಾಸ್ ಕೊನಿಗ್ ಅವರು ರೂಪಿಸಿದರು. ಅಲ್ಲಿ ಲೇಖಕನು ನೋಂದಾಯಿಸಿಕೊಳ್ಳಬೇಕು. ಒಂದು ಹೆಸರಿನಲ್ಲಿ ಮೊದಲು ಸರಕು ತಂದವನಿಗೆ ಆ ಹೆಸರಿನ ಹಕ್ಕು. ಲೇಖಕನು ಕೆಲಸ ಬಿಟ್ಟು ಸಂಪರ್ಕಕ್ಕೇ ಸಿಗದಿದ್ದರೆ, ಅವನನ್ನು ಹುಡುಕಲು ನ್ಯಾಯವಾದ ಪ್ರಯತ್ನ ನಡೆದ ಮೇಲೆ, ನಿರ್ವಾಹಕರು ಆ ಹಕ್ಕನ್ನು ಮತ್ತೊಬ್ಬರಿಗೆ ವಹಿಸಬಹುದು. ಪಾಲುದಾರ ತೀರಿಕೊಂಡಾಗ ಅಂಗಡಿಯ ಪರವಾನಗಿಗೆ ಏನಾಗುತ್ತದೆಂಬುದನ್ನು ಅನುಭವಿಸಿದ ವರ್ತಕರಿಗೆ ಈ ನಿಯಮದ ಬೆಲೆ ತಿಳಿಯುತ್ತದೆ.

ಮೂರನೆಯದು ಪರೀಕ್ಷೆ. ಬಂದ ಸರಕನ್ನು ಸ್ವಯಂಸೇವಕರು ತಮ್ಮ ತಮ್ಮ ಬಗೆಬಗೆಯ ಯಂತ್ರಗಳಲ್ಲಿ ನಡೆಸಿ ನೋಡಿ, ಇಂಥಲ್ಲಿ ಸರಿಯಾಗಿದೆ, ಇಂಥಲ್ಲಿ ಕೆಟ್ಟಿದೆ ಎಂದು ವರದಿ ಮಾಡುವ ಪದ್ಧತಿ 1998ರಿಂದ ನಡೆದು ಬಂದಿದೆ. ಲೇಖಕನಿಗೆ ತನ್ನ ಮನೆಯಲ್ಲಿಲ್ಲದ ಯಂತ್ರದ ಮೇಲೂ ತನ್ನ ಮಾಲು ಹೇಗೆ ನಡೆಯುತ್ತದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಇನ್ನೊಂದು ಸಂಗತಿ, ಬ್ಯಾಕ್‌ಪ್ಯಾನ್ ಎಂಬ ಹಳೆಯ ದಾಸ್ತಾನು. ಲೇಖಕನು ತನ್ನ ಹಳೆಯ ಸರಕನ್ನು ಮುಖ್ಯ ಗೋದಾಮಿನಿಂದ ತೆಗೆದುಹಾಕಿದರೂ ಅದರ ಪ್ರತಿ ಇಲ್ಲಿ ಉಳಿಯುತ್ತದೆ. ಇಂದು ಸಿಪ್ಯಾನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಾಡ್ಯೂಲುಗಳಿವೆ. ಪರ್ಲ್ ಭಾಷೆಯ ಹೆಸರು ಮೊದಲಿನಷ್ಟು ಕೇಳಿಬರುವುದಿಲ್ಲ ಎಂಬುದು ನಿಜ. ಭಾಷೆಯ ಬೇಡಿಕೆ ಇಳಿದರೂ ಗೋದಾಮು ನಿಂತಿದೆ ಎಂಬುದೇ ಇಲ್ಲಿ ಗಮನಾರ್ಹ.

2018ರಲ್ಲಿ ಇದಕ್ಕೊಂದು ಪರೀಕ್ಷೆ ಎದುರಾಯಿತು. ಸಿಪ್ಯಾನಿನ ಸರಕನ್ನು ಹುಡುಕಲು ಬಹುವರ್ಷಗಳಿಂದ ಬಳಕೆಯಲ್ಲಿದ್ದ ಶೋಧನಾ ತಾಣ ಆ ವರ್ಷದ ಜೂನ್‌ನಲ್ಲಿ ಮುಚ್ಚಿತು. ಸರಕಿನ ವಿವರಗಳೆಲ್ಲ ಮುಕ್ತವಾಗಿದ್ದ ಕಾರಣ ಮೆಟಾಸಿಪ್ಯಾನ್ ಎಂಬ ಎರಡನೆಯ ತಾಣವನ್ನು ಬೇರೆ ಸ್ವಯಂಸೇವಕರು ಅದಾಗಲೇ ಕಟ್ಟಿ ನಡೆಸುತ್ತಿದ್ದರು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸಿಕೊಡಲಾಯಿತು, ವ್ಯವಹಾರ ನಿಲ್ಲಲಿಲ್ಲ.

ಆದರೆ ಅದೇ ಸಮುದಾಯಕ್ಕೆ ಇನ್ನೊಂದು ಕಡೆ ಪೆಟ್ಟು ಬಿತ್ತು. ಪರ್ಲ್ ಡಾಟ್ ಕಾಮ್ ಎಂಬ ಪ್ರಸಿದ್ಧ ವಿಳಾಸ ಬಹುಕಾಲದಿಂದ ವ್ಯಕ್ತಿಯೊಬ್ಬರ ಹೆಸರಿನಲ್ಲಿ ನೋಂದಣಿಯಾಗಿತ್ತು. 2021ರ ಜನವರಿಯಲ್ಲಿ ವಂಚಕರು ಆ ವಿಳಾಸವನ್ನೇ ಅಪಹರಿಸಿದ್ದು ಬೆಳಕಿಗೆ ಬಂದಿತು. ಬಳಕೆದಾರರು ಆ ಕಡೆ ಹೋಗಬಾರದೆಂದು ಎಚ್ಚರಿಕೆ ಹೊರಡಿಸಬೇಕಾಯಿತು. ಫೆಬ್ರವರಿ ಆರಂಭದಲ್ಲಿ ಅದು ಮರಳಿ ದೊರೆಯಿತು. ಹೆಸರು ಚಿಕ್ಕದಾಗಿ, ಪ್ರಸಿದ್ಧವಾಗಿ ಇದ್ದಷ್ಟೂ ಅದಕ್ಕೆ ಕಳ್ಳರ ಕಣ್ಣು ಹೆಚ್ಚು. ಸಮುದಾಯದ ನಾಮಫಲಕ ಒಬ್ಬರ ಖಾಸಗಿ ಕಡತದಲ್ಲಿ ಇರುವುದು, ಸಂಘದ ನಿವೇಶನದ ಖಾತೆ ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಇದ್ದಂತೆ. ಕಾರ್ಯದರ್ಶಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅದು ಅಪಾಯವೇ. ಇಂಥ ನಿವೇಶನಗಳ ಕಥೆ ರಾಜ್ಯದ ಯಾವ ಪಟ್ಟಣದ ಸಂಘಕ್ಕೂ ಹೊಸದಲ್ಲ.

ಕಂಪನಿಯ ಕೈಯಲ್ಲಿ

ಹಾಗಾದರೆ ಕಂಪನಿಯೊಂದಕ್ಕೆ ವಹಿಸಿಬಿಟ್ಟರೆ ಹೇಗೆ? ಜಾವಾಸ್ಕ್ರಿಪ್ಟ್ ಬಳಕೆದಾರರ ಗೋದಾಮಾದ ಎನ್‌ಪಿಎಂ ಹೀಗೆಯೇ ನಡೆಯಿತು. 2010ರಲ್ಲಿ ಐಸಾಕ್ ಶ್ಲೂಟರ್ ಅವರು ಆರಂಭಿಸಿದ ಈ ತಾಣ 2014ರಲ್ಲಿ ಕಂಪನಿಯಾಯಿತು. ಬಂಡವಾಳ ಹೂಡುವವರು ಬಂದರು. ಗೋದಾಮು ಶೀಘ್ರವಾಗಿ ಬೆಳೆಯಿತು. 2016ರ ಮಾರ್ಚ್ 22ರಂದು ನಡೆದುದನ್ನು ಈ ಕ್ಷೇತ್ರದವರು ಇಂದಿಗೂ ಮರೆತಿಲ್ಲ.

ಯುವ ಲೇಖಕನೊಬ್ಬ ತನ್ನ ಒಂದು ಸರಕಿಗೆ ಇಟ್ಟುಕೊಂಡಿದ್ದ ಹೆಸರು ತನ್ನ ವಾಣಿಜ್ಯ ಚಿಹ್ನೆಯೆಂದು ಸಂದೇಶ ಸೇವೆಯ ಕಂಪನಿಯೊಂದು ತಕರಾರು ಎತ್ತಿತು. ಲೇಖಕ ಒಪ್ಪಲಿಲ್ಲ. ತಾಣ ನಡೆಸುವ ಕಂಪನಿ ಹೆಸರನ್ನು ತಕರಾರುದಾರರಿಗೆ ಕೊಡಲು ನಿರ್ಧರಿಸಿತು. ಕುಪಿತನಾದ ಲೇಖಕ ತಾನು ಅಲ್ಲಿಟ್ಟಿದ್ದ 273 ಸರಕುಗಳನ್ನೂ ಒಮ್ಮೆಲೇ ಹಿಂತೆಗೆದುಕೊಂಡ. ಅವುಗಳಲ್ಲಿ ಒಂದರ ಹೆಸರು ಲೆಫ್ಟ್‌ಪ್ಯಾಡ್. ಒಟ್ಟು 11 ಸಾಲು. ಪದದ ಅಥವಾ ಸಂಖ್ಯೆಯ ಎಡಭಾಗದಲ್ಲಿ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದು ಅದರ ಕೆಲಸ. ಬಿಲ್ಲಿನ ಸಂಖ್ಯೆ 42 ಎಂದಿದ್ದರೆ 0042 ಎಂದು ಮಾಡುವುದು. ಇಷ್ಟೇ! ಆದರೆ ಅದನ್ನು ಬಳಸಿದ ಸರಕನ್ನು ಬಳಸಿದ ಸರಕುಗಳು ಸಾವಿರಾರು. ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿಯೂ ತಂತ್ರಾಂಶ ಜೋಡಣೆಯ ಕೆಲಸ ನಡುವೆಯೇ ಮುರಿದು ಬಿದ್ದಿತು. ಕೆಲವು ಗಂಟೆಗಳಲ್ಲಿ ಕಂಪನಿ ಆ ಸರಕನ್ನು ಲೇಖಕನ ಇಚ್ಛೆಗೆ ವಿರುದ್ಧವಾಗಿ ಮತ್ತೆ ಅದರ ಜಾಗದಲ್ಲಿರಿಸಿತು. ಬಳಿಕ ನಿಯಮವನ್ನೂ ತಿದ್ದಲಾಯಿತು: ಪ್ರಕಟಿಸಿ 24 ಗಂಟೆ ಕಳೆದ ಮೇಲೆ, ಇತರರು ನೆಚ್ಚಿರುವ ಸರಕನ್ನು ಲೇಖಕನು ತಾನಾಗಿಯೇ ಹಿಂತೆಗೆಯುವಂತಿಲ್ಲವೆಂದು ಆಗ ಗೊತ್ತುಪಡಿಸಲಾಯಿತು.

ಇದರಲ್ಲಿ ಯಾರ ತಪ್ಪು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ವಾಣಿಜ್ಯ ಚಿಹ್ನೆಯ ಒಡೆಯನಿಗೂ ಹಕ್ಕಿದೆ, ಉಚಿತವಾಗಿ ದುಡಿದವನಿಗೂ ಮಾನವಿದೆ. ಆದರೆ ಇಬ್ಬರ ವ್ಯಾಜ್ಯಕ್ಕೆ ಮೂರನೆಯವರಾದ ಸಾವಿರಾರು ಬಳಕೆದಾರರು ದಂಡ ತೆತ್ತರೆಂಬುದು ನಿರ್ವಿವಾದ. ಇಂಥ ವ್ಯಾಜ್ಯ ಬರುವುದೆಂದು ಮೊದಲೇ ಊಹಿಸಿ ನಿಯಮ ಬರೆದಿಡಬೇಕಾಗಿತ್ತು. ಬಂದ ಮೇಲೆ ಬರೆಯಲಾಯಿತು. ಮುಂದೆ 2020ರಲ್ಲಿ ಆ ಕಂಪನಿಯನ್ನು ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್ ಕೊಂಡುಕೊಂಡಿತು. ಸೇವೆ ನಿಲ್ಲಲಿಲ್ಲ, ಹಣದ ಬಲವೂ ಬಂದಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಸ್ವಯಂಸೇವಕರು ಬರೆದು ತುಂಬಿಸಿದ ಗೋದಾಮು ಮಾರಾಟದ ಪತ್ರವೊಂದರ ಮೂಲಕ ಕೈ ಬದಲಾಯಿಸಿತೆಂಬುದನ್ನೂ ಹೇಳಬೇಕು. ಮಾರಾಟಕ್ಕೆ ಅವರ ಒಪ್ಪಿಗೆ ಬೇಕಾಗಿರಲಿಲ್ಲ.

ಪೈಥಾನ್ ಸಂಘದ ಗಳಿಕೆ, ಖರ್ಚು

ಪೈಥಾನ್ ಭಾಷೆಯವರ ದಾರಿ ಬೇರೆ. ನೆದರ್ಲೆಂಡ್ಸ್‌ನ ಗೀಡೋ ವಾನ್ ರೋಸಮ್ ಅವರು 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಗೆ 2001ರಲ್ಲಿ ಲಾಭರಹಿತ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು. ಭಾಷೆಯ ಹಕ್ಕುಸ್ವಾಮ್ಯ, ಹೆಸರು, ವಿಳಾಸ ಇವೆಲ್ಲ ಅದರ ವಶದಲ್ಲಿವೆ. ಗೋದಾಮಾದ ಪೈಪಿಐ 2003ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಚೀಸ್ ಅಂಗಡಿ ಎಂಬ ಅಡ್ಡಹೆಸರಿತ್ತು. ಬ್ರಿಟಿಷ್ ದೂರದರ್ಶನದ ಹಾಸ್ಯ ಪ್ರಹಸನವೊಂದರಲ್ಲಿ ಬರುವ, ಒಂದು ತುಂಡೂ ಚೀಸ್ ಇಲ್ಲದ ಚೀಸ್ ಅಂಗಡಿಯಿಂದ ಬಂದ ಹೆಸರು ಅದು. ಖಾಲಿ ಅಂಗಡಿಯ ಹೆಸರಿಟ್ಟುಕೊಂಡು ಆರಂಭಿಸಿದವರು ಇಂದು ಜಾಗವೇ ಸಾಲದಷ್ಟು ದಾಸ್ತಾನು ಹೊಂದಿದ್ದಾರೆ.

ಹಳೆಯ ಕಟ್ಟಡ ಶಿಥಿಲವಾಯಿತು. ಹೊಸದನ್ನು ಕಟ್ಟುವ ಕೆಲಸ ಸ್ವಯಂಸೇವಕರಿಂದ ವರ್ಷಗಟ್ಟಲೆ ಕುಂಟುತ್ತಾ ಸಾಗಿತು. 2017ರಲ್ಲಿ ಮೊಜಿಲ್ಲಾ ಸಂಸ್ಥೆ 1,70,000 ಡಾಲರ್ ನೆರವು ನೀಡಿತು. ಸಂಬಳ ಕೊಟ್ಟು ಕೆಲಸ ಮಾಡಿಸಿದ ಕೂಡಲೇ ವೇಗ ಬಂದು, 2018ರ ಏಪ್ರಿಲ್‌ನಲ್ಲಿ ಹೊಸ ತಾಣ ತೆರೆಯಿತು. ಅದರ ಹಿಂದಿನ ತಂತ್ರಾಂಶಕ್ಕೆ ಅವರು ಇಟ್ಟ ಹೆಸರೇ ‘ವೇರ್‌ಹೌಸ್’. ದೊಡ್ಡ ಕಂಪನಿಗಳ ವಾರ್ಷಿಕ ಜಾಹೀರಾತಿನ ಖರ್ಚಿನ ಮುಂದೆ ಆ ನೆರವು ಏನೇನೂ ಅಲ್ಲ. ಅಷ್ಟು ಸಣ್ಣ ಮೊತ್ತಕ್ಕಾಗಿ ಇಡೀ ಭಾಷೆಯ ಸಮುದಾಯ ಅಷ್ಟು ವರ್ಷ ಕಾಯಬೇಕಾಯಿತೆಂಬುದು ಬಳಕೆದಾರ ಉದ್ದಿಮೆಗಳಿಗೆ ಶೋಭೆ ತರುವ ಸಂಗತಿಯಲ್ಲ.

2023ರ ಮೇ 20ರಂದು ಪೈಪಿಐ ಹೊಸ ಬಳಕೆದಾರರ, ಹೊಸ ಸರಕುಗಳ ನೋಂದಣಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ದುರುದ್ದೇಶದ ಸರಕುಗಳು ಪರಿಶೀಲಿಸಲಾಗದಷ್ಟು ವೇಗದಲ್ಲಿ ಬಂದು ಬೀಳತೊಡಗಿದ್ದವು. ನಿರ್ವಾಹಕರಲ್ಲಿ ಕೆಲವರು ರಜೆಯ ಮೇಲಿದ್ದರು. ಜಗತ್ತಿನ ಬ್ಯಾಂಕುಗಳು, ಪ್ರಯೋಗಾಲಯಗಳು, ಕಾರ್ಖಾನೆಗಳು ನೆಚ್ಚಿಕೊಂಡ ಗೋದಾಮಿನ ಹೆಬ್ಬಾಗಿಲನ್ನು ಕಾವಲುಗಾರರು ರಜೆಗೆ ಹೋದರೆಂಬ ಕಾರಣವೂ ಸೇರಿ ಮುಚ್ಚಬೇಕಾಯಿತೆಂದರೆ ಕಾವಲುಗಾರರ ಸಂಖ್ಯೆ ಎಷ್ಟಿದ್ದಿರಬೇಕು? ಬಾಗಿಲು ಮುಚ್ಚುವ ನಿರ್ಧಾರ ಸರಿಯಾದುದೇ. ಪ್ರಶ್ನೆ ಇರುವುದು ಕಾವಲುಗಾರರನ್ನು ಹೆಚ್ಚಿಸಲು ಹಣ ಕೊಡದವರ ಕುರಿತು. ಆಮೇಲೆ 2024ರ ಆರಂಭದಿಂದ ಸರಕು ತರುವ ಪ್ರತಿಯೊಬ್ಬರೂ ಎರಡು ಹಂತದ ದೃಢೀಕರಣ ಮಾಡಿಕೊಳ್ಳಲೇಬೇಕೆಂದು ವಿಧಿಸಲಾಯಿತು.

2025ರಲ್ಲಿ ಈ ಪ್ರಶ್ನೆ ಬಹಿರಂಗವಾಗಿಯೇ ಚರ್ಚೆಗೆ ಬಂದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪೈಥಾನ್ ಸೇರಿದಂತೆ ಹಲವು ಭಾಷೆಗಳ ಗೋದಾಮುಗಳ ನಿರ್ವಾಹಕರು ಒಟ್ಟಾಗಿ ಬಹಿರಂಗ ಪತ್ರ ಬರೆದು, ಬಳಸುವವರಿಗೆ ಉಚಿತವಾಗಿ ಕಾಣುವ ಈ ವ್ಯವಸ್ಥೆ ನಡೆಸುವವರಿಗೆ ಉಚಿತವಲ್ಲವೆಂದೂ, ಕೆಲವೇ ಸಂಸ್ಥೆಗಳು ಎಲ್ಲರ ಭಾರ ಹೊರುತ್ತಿವೆಯೆಂದೂ ತಿಳಿಸಿದರು. ಮರು ತಿಂಗಳು ಪೈಥಾನ್ ಪ್ರತಿಷ್ಠಾನವು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಬರಲಿದ್ದ 15 ಲಕ್ಷ ಡಾಲರ್ ನೆರವಿನ ಪ್ರಸ್ತಾವವನ್ನು ತಾನಾಗಿಯೇ ಹಿಂತೆಗೆದುಕೊಂಡಿತು. ಪೈಪಿಐ ಭದ್ರತೆಗಾಗಿ ಕೋರಿದ್ದ ಹಣ ಅದು. ಆದರೆ ಅದರೊಂದಿಗಿದ್ದ ಷರತ್ತು ಈ ಒಂದು ಕೆಲಸಕ್ಕೆ ಮಾತ್ರವಲ್ಲದೆ ಪ್ರತಿಷ್ಠಾನದ ಎಲ್ಲ ಚಟುವಟಿಕೆಗಳಿಗೂ ಅನ್ವಯಿಸುತ್ತಿತ್ತು. ಷರತ್ತು ಮುರಿದರೆ ಖರ್ಚಾದ ಹಣವನ್ನೂ ಹಿಂದಕ್ಕೆ ಕೇಳಬಹುದಿತ್ತು. ಷರತ್ತಿನ ಹಿಂದಿನ ರಾಜಕೀಯ ಅಮೆರಿಕದವರಿಗೆ ಬಿಟ್ಟದ್ದು. ಸಾವಿರ ಸಣ್ಣ ಕೈಗಳಿಂದ ಬಾರದ ಹಣ ಒಂದೇ ದೊಡ್ಡ ಕೈಯಿಂದ ಬಂದಾಗ ಅದರ ಜೊತೆಗೆ ದಾರವೂ ಬರುತ್ತದೆಂಬುದು ಸಾಲ ಪಡೆದ ಪ್ರತಿಯೊಬ್ಬ ಕೈಗಾರಿಕೋದ್ಯಮಿಗೂ ಗೊತ್ತಿರುವ ವಿಷಯ.

ಸಂಘವಿದ್ದರೆ ಸಾಕು, ಎಲ್ಲವೂ ಸರಿಹೋಗುತ್ತದೆಂದೂ ತಿಳಿಯಬೇಕಾಗಿಲ್ಲ. ರೂಬಿ ಭಾಷೆಯ ಗೋದಾಮನ್ನು ನಡೆಸುವ ಲಾಭರಹಿತ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ, ಹಲವು ವರ್ಷಗಳಿಂದ ದುಡಿದಿದ್ದ ನಿರ್ವಾಹಕರ ಪ್ರವೇಶಾಧಿಕಾರವನ್ನು ಹಠಾತ್ತನೆ ತೆಗೆದುಹಾಕಿತು. ಭದ್ರತೆಯ ದೃಷ್ಟಿಯಿಂದ ಹೀಗೆ ಮಾಡಬೇಕಾಯಿತೆಂದು ಸಂಸ್ಥೆಯ ವಾದ; ತಮ್ಮದೇ ಕೃತಿಯಿಂದ ತಮ್ಮನ್ನು ಹೊರಹಾಕಲಾಯಿತೆಂದು ಅವರ ದೂರು. ಸೇವೆ ನಡೆಸುವ ಹೊಣೆ ಯಾರದು, ಅದರ ಮೂಲ ಕ್ರಮವಿಧಿಯ ಒಡೆತನ ಯಾರದು ಎಂಬ ಎರಡು ಬೇರೆ ವಿಷಯಗಳು ಕಾಗದದ ಮೇಲೆ ಬೇರ್ಪಟ್ಟಿರಲಿಲ್ಲ. ಕೊನೆಗೆ ಅಕ್ಟೋಬರಿನಲ್ಲಿ ಕ್ರಮವಿಧಿಯ ಮೇಲ್ವಿಚಾರಣೆಯನ್ನು ಭಾಷೆಯ ಜನಕ ಯುಕಿಹಿರೊ ಮಾತ್ಸುಮೊಟೊ ಅವರ ಮುಖ್ಯ ತಂಡ ವಹಿಸಿಕೊಂಡಿತು. ಸಂಘದಲ್ಲಿ ಪದಾಧಿಕಾರಿಗಳ ಮತ್ತು ಸದಸ್ಯರ ಅಧಿಕಾರವನ್ನು ಉಪನಿಯಮಗಳಲ್ಲಿ ಬಿಡಿಸಿ ಬರೆಯದಿದ್ದರೆ ಜಗಳ ಎಂದಾದರೂ ಒಂದು ದಿನ ಬರುತ್ತದೆ. ಬರುವುದು ಸಾಮಾನ್ಯವಾಗಿ ಕೆಲಸ ಜೋರಾಗಿರುವಾಗಲೇ.

ರಾಜ್ಯದ ಉದ್ದಿಮೆಗಳಿಗೆ ಇದರಿಂದ ಏನು?

ಇವೆಲ್ಲ ತಂತ್ರಜ್ಞರ ಗೊಡವೆ ಎಂದು ವರ್ತಕರು ಬದಿಗಿರಿಸುವಂತಿಲ್ಲ. ಭಾರತದ ಸಣ್ಣ ಕೈಗಾರಿಕೆಗಳಲ್ಲಿ ಬಳಕೆಗೆ ಬಂದಿರುವ ಇಆರ್‌ಪಿನೆಕ್ಸ್ಟ್ ಎಂಬ ಮುಂಬಯಿಯ ತಂತ್ರಾಂಶವನ್ನೇ ನೋಡಬಹುದು. ದಾಸ್ತಾನು, ಲೆಕ್ಕಪತ್ರ, ಉತ್ಪಾದನಾ ಯೋಜನೆ ಎಲ್ಲವನ್ನೂ ನಡೆಸುವ ಅದು ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳಲ್ಲಿ ರಚಿತವಾದುದು. ಅದನ್ನು ಅಳವಡಿಸುವಾಗ ಈ ಎರಡೂ ಗೋದಾಮುಗಳಿಂದ ಭಾಗಗಳು ಇಳಿದು ಬರುತ್ತವೆ. ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಯಂತ್ರದ ಬಿಡಿಭಾಗ ತಯಾರಿಸುವವರು ಅಂಥ ತಂತ್ರಾಂಶವನ್ನು ನವೀಕರಿಸುವ ದಿನ ಗೋದಾಮಿನ ಬಾಗಿಲು ಮುಚ್ಚಿದ್ದರೆ ನವೀಕರಣ ನಿಲ್ಲುತ್ತದೆ. ಬಾಗಿಲು ತೆರೆದಿದ್ದು ಕಾವಲು ಇಲ್ಲದಿದ್ದರೆ ಆಗುವ ಹಾನಿ ಇನ್ನೂ ದೊಡ್ಡದು.

ಕರ್ನಾಟಕಕ್ಕೆ ಈ ಸಮುದಾಯಗಳ ಪರಿಚಯ ಹೊಸದೇನಲ್ಲ. ಭಾರತದ ಪೈಥಾನ್ ಬಳಕೆದಾರರ ಮೊದಲ ರಾಷ್ಟ್ರೀಯ ಸಮ್ಮೇಳನ 2009ರಲ್ಲಿ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾ 2024ರಲ್ಲಿ ಮುಕ್ತ ತಂತ್ರಾಂಶಗಳ ನೆರವಿಗೆ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯೊಂದನ್ನು ಘೋಷಿಸಿತು. ತಾನು ಬಳಸಿ ಬೆಳೆದ ಸರಕಿಗೆ ತಡವಾಗಿಯಾದರೂ ಬೆಲೆ ಸಲ್ಲಿಸುವ ಈ ಕ್ರಮ ಶ್ಲಾಘನೀಯ. ಸಣ್ಣ ಉದ್ದಿಮೆದಾರರಿಂದ ಇಂಥ ಮೊತ್ತವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ ರಾಜ್ಯದಲ್ಲಿ, ಒಬ್ಬೊಬ್ಬರ ಅಲ್ಪ ವಂತಿಗೆಯನ್ನು ಕೂಡಿಸಿ ಸಾಮೂಹಿಕ ಹಿತ ಕಾಯುವ ವಿಧಾನವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಂಡಳಿಗಳು ಸದಸ್ಯರ ಪರವಾಗಿ, ಅವರು ಹೆಚ್ಚು ನೆಚ್ಚಿರುವ ಒಂದೆರಡು ಭಾಷೆಗಳ ಪ್ರತಿಷ್ಠಾನಗಳಿಗೆ ವಾರ್ಷಿಕ ವಂತಿಗೆ ಸಲ್ಲಿಸುವುದು ಸಾಧ್ಯ. ವಿದೇಶಕ್ಕೆ ಹಣ ಕಳುಹಿಸುವ ಕಾನೂನಿನ ವಿಧಿಗಳನ್ನು ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಂಡರಾಯಿತು.

ಅದಕ್ಕೂ ಮೊದಲು, ಖರ್ಚೇ ಇಲ್ಲದ ಕೆಲಸವೊಂದಿದೆ. ಬಹಳಷ್ಟು ಸಂಸ್ಥೆಗಳಲ್ಲಿ ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದ ಏಪ್ರಿಲ್‌ನಲ್ಲಿ ನವೀಕರಣವಾಗುತ್ತದೆ. ಸಹಿ ಹಾಕುವ ಮುನ್ನ ಪೂರೈಕೆದಾರರನ್ನು ಕೇಳಬೇಕಾದ ಪ್ರಶ್ನೆಗಳು ಇವು: ತಂತ್ರಾಂಶದೊಳಗೆ ಯಾವ ಯಾವ ಗೋದಾಮಿನಿಂದ ತಂದ ಯಾವ ಯಾವ ಭಾಗಗಳಿವೆ, ಅವುಗಳ ಪಟ್ಟಿ ಎಲ್ಲಿ? ಆ ಗೋದಾಮು ಒಂದು ವಾರ ಮುಚ್ಚಿದರೆ ಕೆಲಸ ನಡೆಸಲು ಅವುಗಳ ಪ್ರತಿಯನ್ನು ಪೂರೈಕೆದಾರರು ತಮ್ಮಲ್ಲಿ ಇಟ್ಟುಕೊಂಡಿದ್ದಾರೆಯೇ? ತಾವು ಉಚಿತವಾಗಿ ತಂದು ಮಾರುವ ಈ ಭಾಗಗಳ ಪಾಲನೆಗೆ ಅವರು ಏನಾದರೂ ಕೊಡುತ್ತಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಹೆಚ್ಚಿನವರು ನಗುತ್ತಾರೆ. ಎರಡನೆಯದಕ್ಕೆ ತೃಪ್ತಿಕರ ಉತ್ತರ ಬಾರದಿದ್ದಲ್ಲಿ ಒಪ್ಪಂದದಲ್ಲಿ ಒಂದು ಷರತ್ತನ್ನು ಹೆಚ್ಚಿಗೆ ಸೇರಿಸಿಯೇ ಸಹಿ ಹಾಕತಕ್ಕದ್ದು.